ಹೆಸರು ಹೇಳಿಕೊಂಡು ನಡೆಯುವ ಊರು

ನಮ್ಮೂರಿನ ಬೀದಿಗಳಲ್ಲಿ ಎಲ್ಲರೂ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತ ನಡೆಯುತ್ತಾರೆ. ಹೇಳದಿದ್ದರೆ ಎದುರಿಗೆ ಬಂದವರ ಹಣೆಗೆ ಹಣೆ ಬಡಿಯುತ್ತದೆ. ಇಲ್ಲಿಯ ಮಂಜು ಅಂಥದ್ದು, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಬೇಸಿಗೆಯಾಗಲಿ ಮಳೆಗಾಲವಾಗಲಿ ಅದು ಎದ್ದುಹೋದದ್ದನ್ನು ಕಂಡವರಿಲ್ಲ. ಸೊಪ್ಪಿನವಳು ಮೊದಲು ತನ್ನ ಹೆಸರು ಕೂಗಿ ಆಮೇಲೆ ದಂಟು, ಮೆಂತ್ಯ, ಸಬ್ಬಸಿಗೆ ಅನ್ನುತ್ತಾಳೆ. ಮಾತು ಬಿಟ್ಟವರು ಎದುರಾದರೆ ಹೆಸರನ್ನು ಕೊಂಚ ಗಡುಸಾಗಿ ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಹೊಸದಾಗಿ ಬಂದ ಸೊಸೆಯರು ನಾಚಿಕೊಂಡು ಮೆಲ್ಲಗೆ ಹೇಳಿ ಎಮ್ಮೆಗೆ ಡಿಕ್ಕಿ ಹೊಡೆಯುವುದೂ ಉಂಟು. ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವುವ ಮಾತೇ ಇಲ್ಲವಾದ್ದರಿಂದ ಬೀದಿಗೊಂದು ಒಣಗುಮನೆ ಇದೆ. ಉದ್ದನೆಯ ಹೆಂಚಿನ ಕೊಟ್ಟಿಗೆ, ನಡುವೆ ಕೆಂಡದ ಗುಂಡಿಗಳು, ಮೇಲೆ ಹಗ್ಗಗಳು. ಇಡೀ ಬೀದಿಯ ಸೀರೆ, ಪಂಚೆ, ಲಂಗಗಳೆಲ್ಲ ಅಲ್ಲಿ ತೂಗುತ್ತಿರುತ್ತವೆ. ನಾನು ಬೆಳೆದದ್ದು ಅಂಥದೊಂದು ಒಣಗುಮನೆಯಲ್ಲಿ. ಹುಟ್ಟಿದ್ದು ಮಾತ್ರ ಬೇರೆ ಕಡೆ.

ಊರಿನ ಪಕ್ಕದಲ್ಲೇ ಒಂದು ಗುಡ್ಡ. ಅದರ ಅರ್ಧದವರೆಗೆ ಮಂಜು, ಆಮೇಲೆ ಬಿಸಿಲು. ಆ ಬಿಸಿಲಿನಲ್ಲಿ ಎತ್ತರದ ಗೋಡೆ ಕಟ್ಟಿಕೊಂಡ ಒಂದು ಕಲ್ಲಿನ ಮನೆ ಇತ್ತು. ಅದಕ್ಕೆ ಮೇಲ್ಮನೆ ಎಂದು ಹೆಸರು. ನಾನು ಹುಟ್ಟಿದ್ದು ಅಲ್ಲಿ. ನನ್ನ ಹಾಗೆ ಇನ್ನೂ ಅನೇಕ ಮಕ್ಕಳಿದ್ದೆವು. ನಮ್ಮನ್ನು ಆಳುತ್ತಿದ್ದವರಿಗೆ ಪಾಲಕರು ಎನ್ನುತ್ತಿದ್ದೆವು. ಬೇರೆ ಹೆಸರು ಅವರಿಗೆ ಇದ್ದೀತೆಂದು ನಮಗೆ ಹೊಳೆದೇ ಇರಲಿಲ್ಲ. ಮೆಲುದನಿಯ, ತೆಳ್ಳಗಿನ ಒಬ್ಬ ಮನುಷ್ಯ. ಒಮ್ಮೆಯೂ ಯಾರ ಮೇಲೂ ಕೈ ಎತ್ತಿದವರಲ್ಲ. ಎತ್ತುವ ಅಗತ್ಯ ಬೀಳದ ಹಾಗೆ ಎಲ್ಲವನ್ನೂ ಮಾಡಿಟ್ಟಿದ್ದರು.

ಗೋಡೆಯ ಮೇಲಿಂದ ಇಣುಕಿದರೆ ಕೆಳಗೆ ಕಣ್ಣು ಹಾಯಿಸಿದಷ್ಟೂ ಬಿಳಿ. ಲೋಕ ಮುಳುಗಿಹೋಗಿದೆ, ಉಳಿದವರು ನಾವು ಮಾತ್ರ ಎಂದು ಪಾಲಕರು ಹೇಳಿದ್ದರು. ಸಂಜೆ ಗಾಳಿ ಮೇಲಕ್ಕೆ ಬೀಸಿದಾಗ ಆ ಬಿಳಿಯೊಳಗಿಂದ ಸಣ್ಣಗೆ ದನಿಗಳು ಏಳುತ್ತಿದ್ದವು. ಜವರಯ್ಯ, ಜವರಯ್ಯ. ಪುಟ್ಟತಾಯಮ್ಮ, ಪುಟ್ಟತಾಯಮ್ಮ. ಸತ್ತವರು ತಮ್ಮ ಹೆಸರು ಮರೆತುಹೋಗಬಾರದೆಂದು ಹೀಗೆ ಕೂಗಿಕೊಳ್ಳುತ್ತಾರೆ, ಅದನ್ನು ಕೇಳಿ ಓಗೊಟ್ಟವರನ್ನು ಎಳೆದುಕೊಳ್ಳುತ್ತಾರೆ ಎಂದು ನಮಗೆ ಕಲಿಸಿದ್ದರು. ದನಿ ಕೇಳಿದ ಕೂಡಲೇ ನಾವೆಲ್ಲ ಗೋಡೆಗೆ ಮುಖಮಾಡಿ ಕಿವಿ ಮುಚ್ಚಿ ನಿಲ್ಲುತ್ತಿದ್ದೆವು.

ನಮ್ಮ ಹೆಸರುಗಳೂ ಅವರಿಟ್ಟವೇ. ನಾನು ಸಹನೆ. ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಪುಟ್ಟ ಹುಡುಗಿ ವಿರತಿ. ನಮ್ಮನ್ನು ಹೆತ್ತವರು ಅಲ್ಲೇ ಇದ್ದರು, ಯಾರೆಂದು ಮಾತ್ರ ಗೊತ್ತಿರಲಿಲ್ಲ. ಹಾಲು ಬಿಡಿಸಿದ ದಿನದಿಂದ ಮಗು ಎಲ್ಲರದ್ದು. ಹೆಂಗಸರೆಲ್ಲರೂ ನಮಗೆ ಅಕ್ಕಂದಿರೇ. ಯಾವ ಅಕ್ಕನಾದರೂ ಒಂದು ಮಗುವಿನ ತಲೆಯನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಬಾಚಿದರೆ ಅವಳನ್ನು ಅಡುಗೆಮನೆಗೆ ಹಾಕಿಬಿಡುತ್ತಿದ್ದರು. ಬೆಳಿಗ್ಗೆ ಊಟಕ್ಕೆ ಮೊದಲು ಪ್ರತಿಯೊಬ್ಬರೂ ಗೋಡೆಗೆ ಮುಖಮಾಡಿ ಕೂತು ಇನ್ನೊಬ್ಬರದೊಂದು ತಪ್ಪು ಹೇಳಬೇಕು. ಹೇಳದಿದ್ದವರಿಗೆ ಗಂಜಿಯಿಲ್ಲ. ಹೀಗಾಗಿ ನಮಗೆ ಒಬ್ಬರನ್ನೊಬ್ಬರು ನೋಡುವುದೆಂದರೆ ತಪ್ಪು ಹುಡುಕುವುದು ಎಂದೇ ಆಗಿತ್ತು.

ಕಾಯಿಲೆ ಬಿದ್ದವರನ್ನು ಬಿಳಿಗೆ ಒಪ್ಪಿಸುತ್ತಿದ್ದರು. ನಿಯತ ಎಂಬ ಹುಡುಗನನ್ನು ಒಪ್ಪಿಸಿದ್ದು ನನಗೆ ನೆನಪಿದೆ. ಮರುದಿನ ಅವನ ತಟ್ಟೆಯನ್ನು ಕವುಚಿಟ್ಟರು, ಮತ್ತೆ ಯಾರೂ ಅವನ ಹೆಸರೆತ್ತಲಿಲ್ಲ. ಒಂದು ಚಳಿಗಾಲದಲ್ಲಿ ವಿರತಿಗೆ ಕೆಮ್ಮು ಹತ್ತಿತು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಮಲಗಿದರೂ ಅದು ಗೋಡೆಗೆ ಬಡಿದು ಕೇಳಿಸುತ್ತಿತ್ತು. ಪಾಲಕರು ಬಂದು ಅವಳ ಎದೆಗೆ ಕಿವಿಯಿಟ್ಟು ಕೇಳಿ, ತುಂಬ ಬೇಸರದಿಂದ, “ಅವರು ಒಳಗಿನಿಂದ ಕರೆಯುತ್ತಿದ್ದಾರೆ” ಎಂದರು. ಬೆಳಿಗ್ಗೆ ಬಿಸಿಲೇರಿದ ಮೇಲೆ ಇಬ್ಬರು ಗಂಡಸರು ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಮಂಜಿನ ಅಂಚಿಗೆ ಹೋದರು. ಬರಿಗೈಯಲ್ಲಿ ವಾಪಸು ಬಂದರು. ಅವಳು ಅಳಲೂ ಇಲ್ಲ. ಅಳು ಎಂಬುದನ್ನು ನಮಗೆ ಬಿಡಿಸಿಬಿಟ್ಟಿದ್ದರು.

ನಾನು ಯಾಕೆ ಹಿಂದೆ ಹೋದೆ ಎಂದು ಈಗಲೂ ಜನ ಕೇಳುತ್ತಾರೆ. ಧೈರ್ಯವೆಂದು ಹೇಳಲಾರೆ. ಅವಳ ಚಾಪೆ ಖಾಲಿ ಬಿದ್ದಿದ್ದನ್ನು ನೋಡುತ್ತ ಕೂರಲು ನನಗೆ ಆಗಲಿಲ್ಲ, ಅಷ್ಟೆ. ಆ ದಿನ ಹೊರಬಾಗಿಲ ಕಾವಲು ಇದ್ದದ್ದು ನಮಗೆ ಗಂಜಿ ಬಡಿಸುತ್ತಿದ್ದ ವಿನೀತಕ್ಕನದು. ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಅವಳು ನನ್ನನ್ನು ನೋಡಿದಳು. ಅಗುಳಿ ತೆಗೆದು, ನನಗೆ ಬೆನ್ನು ಮಾಡಿ ಕೂತು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಮಂಜಿನೊಳಕ್ಕೆ ಕಾಲಿಟ್ಟಾಗ ಸತ್ತೇಹೋಗುತ್ತೇನೆ ಎಂದುಕೊಂಡಿದ್ದೆ. ಅದು ಬರೀ ತಣ್ಣಗಿತ್ತು. ಕೆಮ್ಮಿನ ದನಿ ಹಿಡಿದು ತಡವರಿಸುತ್ತ ಇಳಿದೆ. ಒಂದು ಬಂಡೆಯ ಬುಡದಲ್ಲಿ ಕಂಬಳಿ ಕಾಲಿಗೆ ತಾಕಿತು. ವಿರತಿಯನ್ನು ಬೆನ್ನ ಮೇಲೆ ಹಾಕಿಕೊಂಡೆ. ವಾಪಸು ಹೋಗುವ ಹಾಗಿಲ್ಲ, ಮುಂದೆ ಏನಿದೆ ಎಂದು ಗೊತ್ತಿಲ್ಲ. ಇಳಿಜಾರು ಕರೆದುಕೊಂಡು ಹೋದ ಕಡೆ ನಡೆಯುತ್ತ ಹೋದೆ. ಎಷ್ಟೋ ಹೊತ್ತಾದ ಮೇಲೆ ಎದುರಿಗೇ, ಹತ್ತಿರದಿಂದಲೇ ಆ ದನಿ ಕೇಳಿಸಿತು.

“ಪುಟ್ಟತಾಯಮ್ಮ, ಪುಟ್ಟತಾಯಮ್ಮ ಬತ್ತಾವಳೆ, ಸೌದೆ ಹೊತ್ಕಂಡವಳೆ, ದಾರಿ ಬಿಡ್ರಪ್ಪೋ.”

ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ವಿರತಿಯನ್ನು ಹಿಡಿದಿದ್ದವು. ಹೆಂಗಸು ನಮಗೆ ಡಿಕ್ಕಿ ಹೊಡೆದಳು. ಸೌದೆ ಹೊರೆ ದಡಾರನೆ ಬಿತ್ತು.

“ಯಾರದು? ಹೆಸರು ಹೇಳ್ಕಂಡು ಬರಬಾರದಾ?” ಎನ್ನುತ್ತ ಅವಳ ಒರಟು ಕೈ ನನ್ನ ಮುಖದ ಮೇಲೆ ಆಡಿತು. ಆಮೇಲೆ ವಿರತಿಯ ಹಣೆ ಮುಟ್ಟಿತು. “ಅಯ್ಯಯ್ಯೋ, ಕೂಸು ಕೆಂಡ ಆಗೋಗದೆ! ಯಾರ ಮನೆ ಮಕ್ಕಳವ್ವ ನೀವು?”

“ನೀವು ಸತ್ತವರೇ?” ಎಂದು ಕೇಳಿದೆ. ಮೇಲ್ಮನೆಯಲ್ಲಿ ನಮಗೆ ಮಾತು ಕಲಿಸಿದ್ದೇ ಹಾಗೆ, ಪುಸ್ತಕ ಓದಿದ ಹಾಗೆ.

ಆಕೆ ನನ್ನ ಕೆನ್ನೆ ತಟ್ಟಿದಳು. “ಬೆಳಿಗ್ಗೆ ಏಳ್ವಾಗ ಸೊಂಟ ಹಿಡ್ಕಂಡಿತ್ತು. ಸತ್ತೋರಿಗೆ ಸೊಂಟ ನೋಯ್ತದಾ? ಬದುಕೇ ಇವ್ನಿ ಕಣವ್ವ. ಕೊಡು ಇಲ್ಲಿ ಕೂಸ್ನ.”

ಸೌದೆಯನ್ನು ಅಲ್ಲೇ ಬಿಟ್ಟು ಅವಳು ವಿರತಿಯನ್ನು ಎತ್ತಿಕೊಂಡಳು. ನನಗೆ ಸೆರಗಿನ ತುದಿ ಕೊಟ್ಟು ಹಿಡಿದುಕೋ ಎಂದಳು. ಬೀದಿಯುದ್ದಕ್ಕೂ ಅವಳು ಹೆಸರು ಬದಲಿಸಿ ಕೂಗಿದಳು, “ಪುಟ್ಟತಾಯಮ್ಮ ಮತ್ತೆ ಇಬ್ಬರು ಮಕ್ಕಳು, ಪುಟ್ಟತಾಯಮ್ಮ ಮತ್ತೆ ಇಬ್ಬರು ಮಕ್ಕಳು, ಯಾರಾದ್ರೂ ಓಡೋಗಿ ಡಾಕ್ಟರಮ್ಮನ್ನ ಕರೀರಿ.” ಮಂಜಿನೊಳಗೆ ಯಾರೋ ಓಡಿದ ಸದ್ದು, ಬಾಗಿಲು ತೆರೆದ ಸದ್ದು. ಅಲ್ಲಿಯವರೆಗೆ ಯಾರೂ ನನ್ನನ್ನು ಅಷ್ಟು ಸುಲಭವಾಗಿ ತಮ್ಮ ಹೆಸರಿನ ಜೊತೆ ಸೇರಿಸಿಕೊಂಡಿರಲಿಲ್ಲ.

ಅವಳದೇ ಒಣಗುಮನೆ. ಕೆಂಡದ ಪಕ್ಕದಲ್ಲಿ, ಬಣ್ಣಬಣ್ಣದ ಸೀರೆಗಳ ಕೆಳಗೆ ನಮ್ಮನ್ನು ಮಲಗಿಸಿದಳು. ಡಾಕ್ಟರಮ್ಮ ಬಂದು ವಿರತಿಯ ಎದೆಗೆ ಕೊಳವೆಯಿಟ್ಟು ಕೇಳಿದರು. ನಾನು ಅವಳ ಕಂಬಳಿಯ ಅಂಚು ಹಿಡಿದು ಕೂತಿದ್ದೆ. “ಕಫ ಕಟ್ಟಿದೆ. ಔಷಧಿ ಕೊಡ್ತೀನಿ, ಬಿಸಿ ನೀರು ಕುಡಿಸ್ತಾ ಇರಿ. ಹೋಗುತ್ತೆ” ಎಂದರು. ಹೋಗುತ್ತೆ ಎಂದದ್ದು ಕೆಮ್ಮು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಲವು ದಿನಗಳಲ್ಲಿ ಅದು ಹೋಯಿತು.

ವಿರತಿ ಚೇತರಿಸಿಕೊಂಡ ಮೊದಲ ಬೆಳಿಗ್ಗೆ ಗಂಜಿಯ ಬದಲು ಕಡುಬು ಬಂದಾಗ ನಾವಿಬ್ಬರೂ ಎದ್ದು ಗೋಡೆಗೆ ಮುಖಮಾಡಿ ಕೂತೆವು. ವಿರತಿ ಕೈ ಜೋಡಿಸಿ ಹೇಳಿದಳು, “ಸಹನೆ ನಿನ್ನೆ ಎರಡು ಸಲ ನಕ್ಕಳು.”

ಪುಟ್ಟತಾಯಮ್ಮ ಸಾರಿನ ಸೌಟು ಹಿಡಿದು ನಿಂತುಬಿಟ್ಟಳು. “ಎರಡೇ ಸಲಾನಾ? ಪಾಪ, ಯಾಕವ್ವ?” ಎಂದು ನನ್ನನ್ನೇ ಕೇಳಿದಳು.

ನಾನು ವಿರತಿಯ ತಪ್ಪು ಹೇಳಲು ಬಾಯಿ ತೆರೆದೆ. ಆಕೆ, “ಮೊದ್ಲು ತಿನ್ನಿ, ಆರೋಯ್ತದೆ. ಚಾಡಿ ಆಮೇಲೆ ಹೇಳೀರಂತೆ” ಎಂದಳು. ಆಮೇಲೆ ಅವಳು ಕೇಳಲೇ ಇಲ್ಲ. ದಿನಾ ಬೆಳಿಗ್ಗೆ ನಾವು ಏನಾದರೂ ಒಂದು ತಪ್ಪು ಸಿದ್ಧ ಮಾಡಿಟ್ಟುಕೊಂಡು ಕಾಯುತ್ತಿದ್ದೆವು. ದಿನಾ ಅವಳು ಕೇಳಲು ಮರೆಯುತ್ತಿದ್ದಳು. ಒಂದು ದಿನ ನಾವೂ ಸಿದ್ಧಮಾಡಲು ಮರೆತೆವು.

ಮೇಲ್ಮನೆಯ ಕಥೆಯನ್ನು ನಾನು ಒಂದೇ ಸಲಕ್ಕೆ ಹೇಳಲಿಲ್ಲ. ಬಟ್ಟೆ ಮಡಚುವಾಗ ಒಂದು ಮಾತು, ಬೂದಿ ಬಳಿಯುವಾಗ ಒಂದು ಮಾತು, ಹೀಗೆ ಬಿತ್ತು. ಊರಿನವರಿಗೆ ಅಲ್ಲೊಂದು ಮಠವಿದೆ, ಯಾರೋ ಒಳ್ಳೆಯವರು ತಪಸ್ಸು ಮಾಡುತ್ತಿದ್ದಾರೆ ಎಂದಷ್ಟೇ ಗೊತ್ತಿತ್ತು. ದಿನಸಿ ಅಂಗಡಿಯ ಜವರಯ್ಯ ವರ್ಷಗಳಿಂದ ಗುಡ್ಡದ ಬುಡದ ಕಟ್ಟೆಯ ಮೇಲೆ ಅಕ್ಕಿ ಮೂಟೆ ಇಟ್ಟು ಬರುತ್ತಿದ್ದ. ವಿಷಯ ತಿಳಿದಾಗ ಆತ ಒಣಗುಮನೆಗೆ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ದಪ್ಪ ಮೀಸೆಯ ಭಾರೀ ಆಳು. “ನಾಳೆಯಿಂದ ಒಂದು ಕಾಳೂ ಮೇಲಕ್ಕೆ ಹೋಗಲ್ಲ” ಎಂದ.

“ಅಕ್ಕಿ ನಿಂತ್ರೆ ಮೊದಲು ಉಪವಾಸ ಬೀಳೋದು ಮಕ್ಕಳೇ ಕಣಯ್ಯ,” ಎಂದಳು ಪುಟ್ಟತಾಯಮ್ಮ. “ನಾವೇ ಹೋಗಿ ಕರ್ಕಬರಬೇಕು.”

ನಮ್ಮೂರಿನವರು ಗುಡ್ಡ ಹತ್ತುವುದೆಂದರೆ ಏನೆಂದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಹುಟ್ಟಿದಾಗಿನಿಂದ ಮಂಜಿನಲ್ಲಿದ್ದವರ ಕಣ್ಣು ಬಿಸಿಲು ತಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ದೂರವನ್ನು ತಡೆಯುವುದಿಲ್ಲ. ಒಂದು ಮೊಳದಾಚೆ ಏನೂ ಕಾಣದೆ ಬದುಕಿದವರಿಗೆ ಏಕಾಏಕಿ ಆಕಾಶ, ಇಳಿಜಾರು, ಹತ್ತಾರು ಮೈಲಿ ಕಂಡರೆ ತಲೆಸುತ್ತಿ ಬೀಳುತ್ತಾರೆ. ಹಿಂದೆ ಹಾಗೆ ಹತ್ತಿದ ಒಬ್ಬ ಉರುಳಿಬಿದ್ದು ಕಾಲು ಮುರಿದುಕೊಂಡಿದ್ದನಂತೆ. ಊರು ದಾಟಿ ಹೋಗಬೇಕಾದವರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಹೋಗುತ್ತಾರೆ.

“ಕಣ್ಣು ಮುಚ್ಕಂಡು ಹತ್ತಾನ,” ಎಂದಳು ಪುಟ್ಟತಾಯಮ್ಮ. “ಈ ಮಗೀಗೆ ಕಣ್ಣು ಕಾಣ್ತದೆ. ಇವಳು ಮುಂದೆ ನಡೀಲಿ. ಬತ್ತೀಯೇನವ್ವ?”

ಮತ್ತೆ ಅಲ್ಲಿಗೆ ಹೋಗುವುದು ಎಂದ ಕೂಡಲೇ ನಾನು ವಿರತಿಯ ಪಕ್ಕಕ್ಕೆ ಸರಿದು ಕೂತೆ. “ಬೇಡ ಅಂದ್ರೆ ಬೇಡ. ಬೇರೆ ದಾರಿ ನೋಡಾನ” ಎಂದು ಅವಳೇ ಹೇಳಿದಳು. ಬೇಡ ಎನ್ನಬಹುದು ಎಂದು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಬಹುಶಃ ಅದಕ್ಕೇ ಬರುತ್ತೇನೆ ಎಂದೆ.

ಒಣಗುಮನೆಯ ಸೀರೆಗಳನ್ನು ತುದಿಗೆ ತುದಿ ಗಂಟು ಹಾಕಿದರು. ಯಾರ ಸೀರೆ, ಯಾವ ಸೀರೆ ಎಂದು ಯಾರೂ ನೋಡಲಿಲ್ಲ, ಮದುವೆಯ ರೇಷ್ಮೆಯೂ ಅದರಲ್ಲಿತ್ತು. ಬೆಳಿಗ್ಗೆ ಊರಿನ ಮುಕ್ಕಾಲು ಜನ ಗುಡ್ಡದ ಬುಡದಲ್ಲಿ ಸೇರಿದರು. ಡಾಕ್ಟರಮ್ಮ ಬಂದರು, ಠಾಣೆಯ ಪೇದೆಗಳು ಬಂದರು. ಮಂಜು ತೆಳುವಾದಲ್ಲಿಗೆ ಬಂದಾಗ ಎಲ್ಲರೂ ಕಣ್ಣು ಮುಚ್ಚಿಕೊಂಡು ಸೀರೆಯ ಹಗ್ಗ ಹಿಡಿದರು. ನನ್ನ ಹಿಂದೆಯೇ ಪುಟ್ಟತಾಯಮ್ಮ, ನನ್ನ ಭುಜದ ಮೇಲೆ ಕೈ. ಬಿಸಿಲಿಗೆ ಬಂದ ಕೂಡಲೇ ಭಯಕ್ಕೆ ಎಲ್ಲರ ಬಾಯಲ್ಲೂ ಅಭ್ಯಾಸದ ಮಾತೇ ಬಂತು. ಜವರಯ್ಯ, ಜವರಯ್ಯ. ಪುಟ್ಟತಾಯಮ್ಮ, ಪುಟ್ಟತಾಯಮ್ಮ. ತಿರುಗಿ ನೋಡಿದೆ. ಹಣೆಯ ಮೇಲೆ ಬೆವರು ಸುರಿಸಿಕೊಂಡು, ಮುಚ್ಚಿದ ರೆಪ್ಪೆಗಳ ಸಂದಿನಿಂದ ನೀರು ಹರಿಸಿಕೊಂಡು, ಎಡವುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಅಷ್ಟೂ ಜನ ಬರುತ್ತಿದ್ದರು. ತಮ್ಮದಲ್ಲದ ಮಕ್ಕಳಿಗಾಗಿ.

ಮೇಲ್ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಪಾಲಕರು ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ನಮ್ಮನ್ನು ಕಂಡು ಅವರು ಗಾಬರಿಯಾಗಲಿಲ್ಲ. ತಮ್ಮ ಮೆಲುದನಿಯಲ್ಲೇ, “ನೋಡಿ ಮಕ್ಕಳೇ, ಬಂದಿದ್ದಾರೆ. ಕಣ್ಣಿಲ್ಲ, ಹೆಸರು ಮಾತ್ರ ಇದೆ. ಸಹನೆಯೂ ಅವರಂತೆ ಆಗಿದ್ದಾಳೆ. ಓಗೊಡಬೇಡಿ” ಎಂದರು. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ಗೋಡೆಗೆ ಮುಖಮಾಡಿ ಕಿವಿ ಮುಚ್ಚಿಕೊಂಡರು.

ನಾನು ಕೂಗಿದೆ. ವಿರತಿ ಬದುಕಿದ್ದಾಳೆ, ಕೆಮ್ಮು ಹೋಗಿದೆ, ನಿನ್ನೆ ಹೊಟ್ಟೆ ಬಿರಿಯುವಷ್ಟು ಕಡುಬು ತಿಂದಳು ಎಂದೆ. ಯಾರೂ ಅಲುಗಲಿಲ್ಲ. ಪೇದೆಯೊಬ್ಬ ಕಣ್ಣು ತೆರೆಯಲು ಹೋಗಿ ಅಲ್ಲೇ ಕುಸಿದು ವಾಂತಿ ಮಾಡಿಕೊಂಡ. ಬಲವಂತವಾಗಿ ಎಳೆದುಕೊಂಡು ಹೋಗುವ ಹಾಗಿರಲಿಲ್ಲ. ಎಳೆದರೆ ಆ ಮಕ್ಕಳ ಜೀವ ಭಯದಲ್ಲೇ ಹಾರಿಹೋಗುತ್ತಿತ್ತು. ಊರಿನವರು ಏನು ಮಾಡಬೇಕೆಂದು ತಿಳಿಯದೆ ಕಣ್ಣು ಮುಚ್ಚಿ ನಿಂತು ತಮ್ಮ ತಮ್ಮ ಹೆಸರು ಹೇಳುತ್ತಲೇ ಇದ್ದರು.

ಆಗ ಅಡುಗೆಮನೆಯಿಂದ ವಿನೀತಕ್ಕ ಹೊರಬಂದಳು. ನನ್ನನ್ನು ಬಿಟ್ಟ ತಪ್ಪಿಗೆ ಅವಳ ತಲೆ ಬೋಳಿಸಿದ್ದರು. ಅಂಗಳದ ನಡುವೆ ನಿಂತು, ಬಹಳ ದಿನ ಬಳಸದೆ ಕಟ್ಟಿಹೋದ ದನಿಯಲ್ಲಿ ಅವಳು ಹೇಳಿದಳು, “ಜಯಶೀಲ.” ಮತ್ತೆ ಗಟ್ಟಿಯಾಗಿ, “ಜಯಶೀಲ. ನಾನು ಹತ್ತಿ ಬೀದಿ ಜಯಶೀಲ ಕಣ್ರಪ್ಪ.”

“ಜಯಶೀಲಾನಾ?” ಎಂದ ಜವರಯ್ಯ, ಕಣ್ಣು ಮುಚ್ಚಿಕೊಂಡೇ. “ಲೇ, ನೀನು ಗಂಡ ಸತ್ತಮೇಲೆ ಊರು ಬಿಟ್ಟೋದೆ ಅಂದ್ಕಂಡಿದ್ವಲ್ಲೇ! ಹೊಟ್ಟೇಲಿ ಮಗಾ ಇತ್ತಲ್ಲೇ!”

“ಇಲ್ಲೇ ಇದ್ದೆ ಕಣಣ್ಣ. ಸಮಾಧಾನ ಸಿಗ್ತದೆ ಅಂತ ಕಣ್ಣಿಗೆ ಬಟ್ಟೆ ಕಟ್ಕಂಡು ಬಂದೆ, ಬಿಸಿಲು ಒಗ್ಗೋಕೆ ವರ್ಷ ಹಿಡೀತು.”

ಸತ್ತವರೊಡನೆ ಒಬ್ಬ ಅಕ್ಕ ಮಾತಾಡುತ್ತಿದ್ದಳು, ಸತ್ತವರು ಅವಳಿಗೆ ಉತ್ತರ ಕೊಡುತ್ತಿದ್ದರು, ಅವಳಿಗೆ ಏನೂ ಆಗುತ್ತಿರಲಿಲ್ಲ. ಒಂದೊಂದೇ ಕೈ ಕಿವಿಯಿಂದ ಇಳಿಯಿತು. ಪಾಲಕರು ಮೊದಲ ಬಾರಿಗೆ ದನಿ ಎತ್ತರಿಸಿದರು. ಅದು ಕೀರಲಾಗಿತ್ತು. ಅವಳು ಅವರ ಕಡೆ ತಿರುಗಿಯೂ ನೋಡದೆ ಅತಿ ಚಿಕ್ಕ ಮಗುವೊಂದನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದರ ಕೈ ಹಿಡಿದು, ಪುಟ್ಟತಾಯಮ್ಮನ ಎದುರಿಗೆ ಬಂದು ನಿಂತಳು. ಪುಟ್ಟತಾಯಮ್ಮ ಕೈ ಚಾಚಿ ಆ ಮಗುವಿನ ಕೆನ್ನೆ ಸವರಿದಳು. ಮಗು ಕಿರುಚಲಿಲ್ಲ. ಉಳಿದವರು ಅದನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಂದರು. ಬೇರೆ ಅಕ್ಕಂದಿರೂ, ತಲೆ ತಗ್ಗಿಸಿಕೊಂಡು ಗಂಡಸರೂ ಬಂದರು. ಸೀರೆಯ ಹಗ್ಗ ಹಿಡಿದು ನಾವು ಇಳಿಯುವಾಗ ಕಣ್ಣಿದ್ದ ಮಕ್ಕಳು ಕಣ್ಣು ಮುಚ್ಚಿದ ದೊಡ್ಡವರಿಗೆ ಕಲ್ಲು, ಗುಂಡಿ ತೋರಿಸುತ್ತಿದ್ದರು.

ಪಾಲಕರನ್ನು ಪೇದೆಗಳು ಕರೆದೊಯ್ದರು. ಊರಿನವರು ಯಾರೂ ಅವರ ಮೈ ಮುಟ್ಟಲಿಲ್ಲ. ಮಂಜಿನ ಬೀದಿಯಲ್ಲಿ ಹೆಸರು ಹೇಳಿಕೊಳ್ಳಿ ಎಂದರೆ ಅವರು ಬಾಯಿ ಬಿಡಲಿಲ್ಲವಂತೆ, ಠಾಣೆ ತಲುಪುವಷ್ಟರಲ್ಲಿ ಎಲ್ಲರಿಗೂ ಡಿಕ್ಕಿ ಹೊಡೆದುಕೊಂಡರಂತೆ. ಆಮೇಲೆ ಮೊಕದ್ದಮೆ ನಡೆಯಿತು, ದೂರದ ಜೈಲಿಗೆ ಹೋದರು. ನಾನು ಸಾಕ್ಷಿ ಹೇಳಿದೆ. ಅವರ ಬಗ್ಗೆ ನನಗೆ ಇನ್ನು ಹೇಳುವುದು ಏನೂ ಇಲ್ಲ.

ಬಿಳಿಗೆ ಒಪ್ಪಿಸಿದ ಉಳಿದ ಮಕ್ಕಳಿಗಾಗಿ ಊರಿನವರು ಗುಡ್ಡದ ಇಳಿಜಾರನ್ನು ಕೈಯಲ್ಲಿ ತಡವಿ ತಡವಿ ಹುಡುಕಿದರು. ಯಾರೂ ಸಿಗಲಿಲ್ಲ. ನಾನು ಅವರ ಹೆಸರುಗಳನ್ನು ಜವರಯ್ಯನಿಗೆ ಹೇಳಿದೆ. ಅಂದಿನಿಂದ ಗುಡ್ಡದ ದಾರಿಯಲ್ಲಿ ಹೋಗುವ ಯಾರೇ ಆಗಲಿ ತಮ್ಮ ಹೆಸರಿನ ಜೊತೆಗೆ ಆ ಮಕ್ಕಳದೊಂದು ಹೆಸರನ್ನೂ ಹೇಳುತ್ತಾರೆ. ಯಾರೂ ಹಾಗೆ ಮಾಡಿ ಎಂದು ಗೊತ್ತು ಮಾಡಿದ್ದಲ್ಲ. ಜವರಯ್ಯ, ನಿಯತ. ಜವರಯ್ಯ, ನಿಯತ. ಆತನ ಕಣ್ಣು ಆ ದಿನದ ಬಿಸಿಲಿಗೆ ಇಂದಿಗೂ ನೀರು ಸುರಿಸುತ್ತದೆ. ಕೇಳಿದರೆ, “ಅಷ್ಟು ದೂರ ಕಾಣೋದು ಮನುಷ್ಯರಿಗೆ ಒಳ್ಳೇದಲ್ಲ ಕಣವ್ವ” ಎಂದು ನಗುತ್ತಾನೆ.

ಮಕ್ಕಳು ಬೇರೆ ಬೇರೆ ಮನೆಗಳಿಗೆ ಹಂಚಿಹೋದರು. ಕೆಲವರಿಗೆ ಹೆತ್ತವರು ಸಿಕ್ಕರು, ಕೆಲವರಿಗೆ ಇಲ್ಲ. ಜಯಶೀಲ ನಮ್ಮ ಒಣಗುಮನೆಗೇ ಬಂದಳು. ಬಂದ ವಾರದಲ್ಲಿ ಒಂದು ಮಧ್ಯಾಹ್ನ ಪಂಚೆ ಮಡಚುತ್ತ, ನನ್ನ ಮುಖ ನೋಡದೆ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಹೇಳಿದಳು. ನಾನು ಹೌದೇ ಎಂದು ಕೇಳಿ, ಇನ್ನೊಂದು ಪಂಚೆಯ ತುದಿ ಹಿಡಿದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಇದ್ದು ಬೇರೆಯವಳಂತೆ ಗಂಜಿ ಬಡಿಸಿದವಳನ್ನು ಅಮ್ಮ ಎನ್ನಲು ನಾಲಿಗೆ ಹೊರಳಲಿಲ್ಲ. ಅವಳು ಕೇಳಲೂ ಇಲ್ಲ. ಸಂಜೆ ಪುಟ್ಟತಾಯಮ್ಮನಿಗೆ ಅದನ್ನು ಹೇಳಿದೆ.

“ಕರೀಬೇಕು ಅನ್ನಿಸಿದಾಗ ಕರಿ. ಅನ್ನಿಸದೇ ಇದ್ರೆ ಬಿಡು,” ಎಂದಳು ಆಕೆ. “ಅವಳೇನು ಎಲ್ಲಿಗೂ ಹೋಗಲ್ಲ. ನಾನೂ ಹೋಗಲ್ಲ.”

ಇಬ್ಬರು ಹೆಂಗಸರು ಮತ್ತು ಇಬ್ಬರು ಹುಡುಗಿಯರು ಹೀಗೇ ಕಾಲ ಕಳೆದೆವು. ವಿರತಿ ಬೀದಿಯ ಮಕ್ಕಳ ಜೊತೆ ಸೇರಿ ಬೈಗುಳ ಕಲಿತಳು. ಜಯಶೀಲಳ ಕೂದಲು ಬೆಳೆದು ಜಡೆ ಹಾಕುವಷ್ಟಾಯಿತು. ಒಂದು ದಿನ ನಾನು ಒಬ್ಬಳೇ ಸಾರು ಮಾಡುತ್ತಿದ್ದೆ. ಪುಟ್ಟತಾಯಮ್ಮ, ಜಯಶೀಲ ಇಬ್ಬರೂ ಆಚೆ ಕೆಂಡಕ್ಕೆ ಇದ್ದಿಲು ಹಾಕುತ್ತ, ಯಾವುದೋ ಹಳೆಯ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದ ಕಥೆ ಹೇಳಿಕೊಂಡು ನಗುತ್ತಿದ್ದರು. ನನಗೆ ಉಪ್ಪಿನ ಮರಿಗೆ ಸಿಗಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು.

“ಅಮ್ಮಾ, ಉಪ್ಪೆಲ್ಲಿಟ್ಟೆ?” ಎಂದು ಕೂಗಿದೆ.

“ಗೂಡಲ್ಲಿ ನೋಡು,” ಎಂದು ಎರಡು ದನಿಗಳು ಒಟ್ಟಿಗೆ ಹೇಳಿದವು. ಅಮ್ಮ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಯಾರನ್ನು ಕರೆದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಗೂಡಿನಲ್ಲಿ ಕೈಯಾಡಿಸಿ, ಉಪ್ಪು ತೆಗೆದು, ಸಾರಿಗೆ ಹಾಕಿ, ಮೂರು ತಟ್ಟೆಗಳ ಪಕ್ಕದಲ್ಲಿ ವಿರತಿಯದನ್ನೂ ಇಟ್ಟು, ಊಟಕ್ಕೆ ಬನ್ನಿ ಎಂದು ಕರೆದೆ.